ಗಟ್ಟಿ ಮೀನು



ಪಾಸ್ಖ ಹಬ್ಬದ ನಂತರದ ವಾರಗಳಲ್ಲಿ ಧರ್ಮಕೇಂದ್ರದ ಮನೆಗಳನ್ನು ಆಶೀರ್ವದಿಸಲು ಹೋಗುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಅಂತಹ ಒಂದು ಸಂಜೆ, ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ಕೋಣೆಗಳಿಗೆ ತೀರ್ಥ ಪ್ರೋಕ್ಷಿಸಿ ಹೊರಡುವಷ್ಟರಲ್ಲಿ, ಮೂರನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ನನ್ನ ನಿಲುವಂಗಿಯ ತೋಳನ್ನು ಹಿಡಿದೆಳೆದು, "ಫಾದರ್, ಇವಕ್ಕೂ ಆಶೀರ್ವಾದ ಮಾಡಿ" ಎಂದಳು. ಟೀವಿಯ ಪಕ್ಕದಲ್ಲಿ ದುಂಡನೆಯ ಗಾಜಿನ ಬಟ್ಟಲೊಂದಿತ್ತು. ಅದರೊಳಗೆ ಎರಡು ಗೋಲ್ಡ್ ಫಿಷ್. ತಾಯಿ ನಾಚಿಕೊಂಡು ಮಗಳನ್ನು ಗದರಿದರು. ನಾನು ತೀರ್ಥದ ಹನಿ ಬಟ್ಟಲಿಗೆ ಬೀಳದಂತೆ ಎಚ್ಚರ ವಹಿಸಿ, ಅದರ ಮೇಲೆ ಶಿಲುಬೆಯ ಗುರುತನ್ನಷ್ಟೇ ಹಾಕಿ ಬಂದೆ.

ಆ ಮಗುವಿಗೆ ತಿಳಿದಿತ್ತೋ ಇಲ್ಲವೋ, ಅವಳ ಕೋರಿಕೆಗೆ ಶ್ರೀಗ್ರಂಥದ ಆಧಾರವಿದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮೊತ್ತಮೊದಲು ಆಶೀರ್ವದಿಸುವುದು ಮನುಷ್ಯನನ್ನಲ್ಲ, ಐದನೆಯ ದಿನದ ಜಲಚರಗಳನ್ನು ಮತ್ತು ಹಕ್ಕಿಗಳನ್ನು. ಮನುಷ್ಯನ ಸರದಿ ಬರುವುದು ಮರುದಿನ. ಅದೇ ಅಧ್ಯಾಯದಲ್ಲಿ ಜೀವಿಗಳ ಮೇಲಿನ ಒಡೆತನವನ್ನು ಮನುಷ್ಯನಿಗೆ ವಹಿಸಿಕೊಡುವಾಗಲೂ ಮೊದಲು ಬರುವ ಹೆಸರು ಮೀನಿನದೇ. ನಮಗಿಂತ ಮುಂಚೆ ಆಶೀರ್ವಾದ ಪಡೆದ ಜೀವಿಯೇ ಎಲ್ಲಕ್ಕಿಂತ ಮೊದಲು ನಮ್ಮ ವಶಕ್ಕೂ ಬಂತು.

ಹತ್ತು ದಿನಗಳ ಬಳಿಕ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ಆ ತಾಯಿ ಸಿಕ್ಕರು. "ಎರಡೂ ಸತ್ತು ಹೋದವು ಸ್ವಾಮಿ. ಅಂಗಡಿಯವರನ್ನು ಕೇಳಿದ್ದಕ್ಕೆ, ಹೊಸದಾಗಿ ಸಾಕುವವರಿಗೆ ಅವು ಆಗಿಬರಲ್ಲ, ಗಟ್ಟಿ ಮೀನು ತಗೊಂಡು ಹೋಗಿ ಅಂದರು. ಅದನ್ನೇ ತರೋಣ ಅಂತಿದ್ದೇವೆ" ಎಂದರು. ಹುಡುಗಿ ಏನೂ ಹೇಳಲಿಲ್ಲ. ಆಶೀರ್ವಾದ ಏಕೆ ಫಲಿಸಲಿಲ್ಲವೆಂದು ಅವಳ ಕಣ್ಣು ಕೇಳುತ್ತಿತ್ತು. ನನ್ನ ಮನಸ್ಸು ಮಾತ್ರ 'ಗಟ್ಟಿ ಮೀನು' ಎಂಬ ಮಾತಿನಲ್ಲೇ ಸಿಕ್ಕಿಕೊಂಡಿತ್ತು. ಏಕೆಂದರೆ ಆ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ, ನಂಬಿದ್ದೆ, ಅದರ ಬೆಲೆಯನ್ನು ಬೇರೊಂದು ಜೀವ ತೆತ್ತಿತ್ತು.

ನನ್ನ ಗುರುದೀಕ್ಷೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಯುವಜನ ಸಂಘದವರು ಗುರುನಿವಾಸಕ್ಕೆ ಒಂದು ಅಕ್ವೇರಿಯಂ ಕೊಟ್ಟರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಹೆಚ್ಚುಕಡಿಮೆ 55 ಲೀಟರ್ ನೀರು ಹಿಡಿಯುವ ತೊಟ್ಟಿ. ಜೊತೆಗೆ ಒಂದು ಸಣ್ಣ ಫಿಲ್ಟರ್, ಪ್ಲಾಸ್ಟಿಕ್ ಚೀಲದಲ್ಲಿ ಎಂಟು ಜೀಬ್ರಾ ಮೀನು. ಕಿರುಬೆರಳಿಗಿಂತ ಚಿಕ್ಕದಾದ, ಮೈಯುದ್ದಕ್ಕೂ ನೀಲಿ ಗೆರೆ ಎಳೆದ, ಒಂದು ಕ್ಷಣವೂ ಸುಮ್ಮನಿರದ ಈ ಮೀನು ನಮ್ಮ ದೇಶದ್ದೇ. ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿ ಬೆಳೆ, ಕಸುಬು, ಜಾತಿಗಳನ್ನೆಲ್ಲ ಬರೆದಿಟ್ಟ ಅದೇ ಬುಕಾನನ್. ಗಂಗಾ ನದಿಯ ಮೀನುಗಳನ್ನು ಕುರಿತ ಅವರ ಗ್ರಂಥ 1822ರಲ್ಲಿ ಹೊರಬಂತು.

ಕೊಳಾಯಿಯ ನೀರು ತುಂಬಿಸಿ ಅರ್ಧ ಗಂಟೆಯೊಳಗೆ ಎಂಟೂ ಮೀನುಗಳನ್ನು ಬಿಟ್ಟಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಇವು ಗಟ್ಟಿ ಮೀನು ಫಾದರ್. ಹೊಸ ತೊಟ್ಟಿಗೆ ಮೊದಲು ಇವನ್ನೇ ಬಿಡಬೇಕಂತೆ. ಒಂದು ತಿಂಗಳು ಕಳೆಯಲಿ, ಆಮೇಲೆ ಒಳ್ಳೆ ಮೀನು ತರೋಣ" ಎಂದ ಒಬ್ಬ ಹುಡುಗ. ಒಳ್ಳೆಯ ಮೀನು ಬರುವ ಮೊದಲು ಗಟ್ಟಿ ಮೀನು! ಆಗ ಆ ಮಾತು ನನಗೆ ವಿಚಿತ್ರವಾಗಿ ಕೇಳಿಸಲಿಲ್ಲ.

ಗಟ್ಟಿ ಮೀನನ್ನೇ ಮೊದಲು ಏಕೆ ಬಿಡಬೇಕು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಪ್ರಶ್ನೆಯ ಬೇರು ಇಲ್ಲೇ ಇದೆ. ಮೀನು ತನ್ನ ದೇಹದ ಕಲ್ಮಶದ ಬಹುಪಾಲನ್ನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಹೊಳೆಯಲ್ಲಾದರೆ ಅದು ಹರಿದು ತೆಳುವಾಗುತ್ತದೆ. ತೊಟ್ಟಿಯಲ್ಲಿ ಹೋಗುವುದೆಲ್ಲಿಗೆ? ಅಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಬೇಕು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಜಲ್ಲಿಯಲ್ಲಿ ಈ ಸೂಕ್ಷ್ಮಜೀವಿಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ನೀರು ಕಣ್ಣಿಗೆ ಸ್ಫಟಿಕದಂತೆ ಕಂಡರೂ ವಿಷವೇ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತದೊಳಗೆ ಸೇರಿ ಅದು ಪ್ರಾಣವಾಯುವನ್ನು ಹೊರದಂತೆ ಮಾಡುತ್ತದೆ. ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಅಮೋನಿಯಾ ಬೇಕು, ಅಮೋನಿಯಾ ಬೇಕಾದರೆ ಮೀನು ಬೇಕು. ಆದುದರಿಂದ ಸುಟ್ಟರೂ ಬೇಗ ಸಾಯದ ಮೀನನ್ನು ಮೊದಲು ಬಿಡು. 'ಗಟ್ಟಿ ಮೀನು ಮೊದಲು' ಎಂಬ ಉಪದೇಶದ ಹಿಂದಿದ್ದ ತರ್ಕ ಇದು.

ಒಂದು ವಾರ ಕಳೆಯುವಷ್ಟರಲ್ಲಿ ನನ್ನ ಮೀನುಗಳು ನನ್ನನ್ನು ಗುರುತಿಸತೊಡಗಿವೆ ಎಂದು ನಾನು ಭಾವಿಸಿದೆ. ಬೆಳಿಗ್ಗೆ ಹತ್ತಿರ ಹೋದರೆ ಎಲ್ಲವೂ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಹಸಿದಿವೆ ಎಂದು ಇನ್ನಷ್ಟು ಆಹಾರ ಹಾಕಿದೆ. ಬಂದವರಿಗೆಲ್ಲ ತೋರಿಸಿದೆ. ಆ ಪ್ರಾಣಿಗಳ ಪ್ರೀತಿಯನ್ನು ಕುರಿತು ಒಂದು ಪ್ರಬೋಧನೆಯಲ್ಲಿ ಎರಡು ಮಾತು ಆಡಿದ್ದೂ ಉಂಟು!

ಆ ದಿನಗಳಲ್ಲಿ ನನ್ನ ಅಕ್ಕ ಊರಿನಿಂದ ಬಂದಿದ್ದಳು. ಜನರ ಮುಂದೆ ನನ್ನನ್ನು ಫಾದರ್ ಎನ್ನುವವಳು, ಅಡುಗೆಮನೆಯಲ್ಲಿ ಮಾತ್ರ ತಮ್ಮಾ ಎನ್ನುತ್ತಾಳೆ. ಕಾಫಿಯ ಲೋಟ ಹಿಡಿದು ತೊಟ್ಟಿಯ ಮುಂದೆ ತುಸುಹೊತ್ತು ನಿಂತು, "ತಮ್ಮಾ, ಇದು ಹಸಿವಿಗಲ್ಲ ಕಣೋ, ಉಸಿರಿಗೆ. ಬೇಸಿಗೇಲಿ ನಮ್ಮೂರ ಕೆರೆ ಬತ್ತಿ ಪಾಚಿ ಕಟ್ಟಿದಾಗ ಬೆಳಗಿನ ಜಾವ ಮೀನು ಹೀಗೇ ಮೇಲೆ ಬಂದು ಬಾಯಿ ಬಿಡ್ತಿದ್ದವಲ್ಲ, ಮರೆತೆಯಾ?" ಎಂದಳು. ನಾನು ಮರೆತಿದ್ದೆ. ಗಾಳಿಗೆ ತಾಗಿದ ಮೇಲ್ಪದರದಲ್ಲಿ ಪ್ರಾಣವಾಯು ತುಸು ಹೆಚ್ಚಿರುತ್ತದೆ. ಉಸಿರು ಕಟ್ಟಿದ ಮೀನು ಅಲ್ಲಿಗೆ ಬರುತ್ತದೆ. ಉಸಿರಾಡಲಾರದೆ ಒದ್ದಾಡುತ್ತಿದ್ದ ಜೀವಿಯನ್ನು ನೋಡಿ ನಾನು ಅದು ನನಗೆ ನಮಸ್ಕರಿಸುತ್ತಿದೆ ಎಂದುಕೊಂಡಿದ್ದೆ.

ನನ್ನ ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಶನಿವಾರ ಬಂದರೆ ನೀರನ್ನೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ಕೊಳಾಯಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡುತ್ತಿದ್ದೆ. ಕೊಳಾಯಿ ನೀರಿನ ಕ್ಲೋರಿನ್ ಮೀನಿನ ಕಿವಿರಿಗೂ ಹಾನಿ, ಬೆಳೆಯುತ್ತಿದ್ದ ಬ್ಯಾಕ್ಟೀರಿಯಾಗಳಿಗೂ ಮೃತ್ಯು. ವಾರಕ್ಕೊಮ್ಮೆ ಕಾಲುಭಾಗ ನೀರನ್ನಷ್ಟೇ ಬದಲಿಸಬೇಕು, ಹೊಸ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಅಥವಾ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ಸೇರಿಸಬೇಕು, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಜಾಲಿಸಬೇಕು, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು ಎಂಬುದನ್ನೆಲ್ಲ ಕಲಿಯುವಷ್ಟರಲ್ಲಿ ಮೂರು ಮೀನು ಸತ್ತಿದ್ದವು. ಐದು ಉಳಿದವು. ಆ ಐದನ್ನು ತೋರಿಸಿ ನಾನೂ ಹೇಳಿದೆ: "ನೋಡಿ, ಎಷ್ಟು ಗಟ್ಟಿ!"

ಪ್ರಿಯ ಓದುಗರೇ, ಒಂದು ಜೀವಿಗೆ ತಾಳಿಕೊಳ್ಳುವ ಶಕ್ತಿಯಿದೆ ಎಂಬುದರಿಂದ ನಮಗೆ ಯಾವ ಹಕ್ಕು ಬರುತ್ತದೆ? ನಾನು ನಿಮ್ಮ ಮುಂದಿಡುವ ಪ್ರಶ್ನೆ ಇದೊಂದೇ.

ಆ ಶಕ್ತಿ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. ಜೀಬ್ರಾ ಮೀನು ಮಳೆಗಾಲದ ನಾಡಿನ ಮೀನು. ನಿಧಾನವಾಗಿ ಹರಿಯುವ ತೊರೆ, ಕೊಳ, ಭತ್ತದ ಗದ್ದೆ ಅದರ ನೆಲೆ. ಅಲ್ಲಿ ನೀರು ಒಂದು ಕಾಲದಲ್ಲಿ ತಣ್ಣಗೆ, ಇನ್ನೊಂದು ಕಾಲದಲ್ಲಿ ಬಿಸಿ. ಒಮ್ಮೆ ತಿಳಿ, ಒಮ್ಮೆ ಕೆಸರು. ಆ ಏರುಪೇರನ್ನು ದಾಟಲು ಅದಕ್ಕೆ ಗಟ್ಟಿತನ ಬೇಕಾಯಿತು. ಅಂಗಡಿಗಳಲ್ಲಿ ಸಣ್ಣ ಬಾಟಲಿಗಳೊಳಗೆ ಒಂದೊಂದಾಗಿ ಕೂಡಿಹಾಕಿದ ಫೈಟರ್ ಮೀನುಗಳನ್ನು ನೀವು ನೋಡಿರಬಹುದು. ಥಾಯ್ಲೆಂಡಿನ ಗದ್ದೆ, ಜೌಗುಗಳ ಈ ಮೀನಿಗೆ ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನು ಉಸಿರಾಡುವ ಅಂಗವೂ ಉಂಟು. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದಾಗ ಬದುಕಿ ಉಳಿಯಲೆಂದು ಸಿಕ್ಕಿದ ವರ ಅದು. ನಾವು ಅದನ್ನು ಓದಿಕೊಂಡ ಬಗೆ ಬೇರೆ: ಇದಕ್ಕೆ ಒಂದು ಬಾಟಲಿ ಸಾಕು! ಬರಗಾಲವನ್ನು ದಾಟಲು ಕಟ್ಟಿಕೊಟ್ಟ ಬುತ್ತಿಯನ್ನು ನೋಡಿ, ಇವರಿಗೆ ಬರಗಾಲವೇ ಸಾಕೆಂದು ತೀರ್ಮಾನಿಸಿದ ಹಾಗಾಯಿತು.

ಇಲ್ಲಿ ನಿಮ್ಮಲ್ಲಿ ಕೆಲವರು ನಗುತ್ತಿರಬಹುದು. "ಸ್ವಾಮಿ, ಶುಕ್ರವಾರ ನಿಮ್ಮ ತಟ್ಟೆಯಲ್ಲಿ ಬಂಗುಡೆ ಸಾರು ಇರುತ್ತದಲ್ಲ!" ನಿಜ, ಇರುತ್ತದೆ; ಇಷ್ಟಪಟ್ಟೇ ಉಣ್ಣುತ್ತೇನೆ. ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಬಲೆಗೆ ಬಿದ್ದ ಬಂಗುಡೆಯ ಸಾವಿಗೆ ನಾನು ಕಾರಣ. ಅದರ ಬದುಕು ಸಮುದ್ರದ್ದಾಗಿತ್ತು. ತೊಟ್ಟಿಯ ಮೀನಿನ ವಿಷಯದಲ್ಲಿ ಹಾಗಲ್ಲ. ಅದರ ಬದುಕನ್ನೇ ನಾನು ವಹಿಸಿಕೊಂಡಿದ್ದೇನೆ. ಅದರ ನೀರು, ಬೆಳಕು, ಅನ್ನ, ಜೊತೆ ಎಲ್ಲವೂ ನನ್ನ ಕೈಯಲ್ಲಿ. ನೀರು ಕೆಟ್ಟರೆ ಅದು ಬೇರೆಡೆಗೆ ಈಜಿ ಹೋಗಲಾರದು. ಜಗತ್ತಿನ ಎಲ್ಲ ಮೀನುಗಳಿಗೂ ನಾನು ಸಾಲಗಾರನಲ್ಲ; ಓಡಿಹೋಗುವ ದಾರಿಯನ್ನು ನಾನೇ ಮುಚ್ಚಿದ ಈ ಎಂಟಕ್ಕೆ ಸಾಲಗಾರ. ಹೊಣೆ ಹುಟ್ಟುವುದು ಅಲ್ಲಿ.

ಮೀನಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯೂ ಇದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಅವರ ಸಹೋದ್ಯೋಗಿಗಳು ಟ್ರೌಟ್ ಮೀನಿನ ಮುಖದಲ್ಲಿ ನೋವನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಆ ಮೀನುಗಳು ಆಹಾರ ಬಿಟ್ಟವು, ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಮೀನಿನ ಮಿದುಳಿನಲ್ಲಿ ನೋವನ್ನು ಅನುಭವಿಸಲು ಬೇಕಾದ ರಚನೆಯೇ ಇಲ್ಲವೆಂದು ಆಸ್ಟ್ರೇಲಿಯಾದ ಬ್ರಯನ್ ಕೀ 2016ರಲ್ಲಿ ವಾದಿಸಿದರು. ಅವರನ್ನು ಅನೇಕರು ಖಂಡಿಸಿದರು. ವಾದ ಮುಗಿದಿಲ್ಲ. ಹಾಗಾದರೆ ವಿದ್ವಾಂಸರು ಒಪ್ಪುವ ತನಕ ನಾವೇನು ಮಾಡಬೇಕು? ಗುರುಮಠದಲ್ಲಿ ನೀತಿಶಾಸ್ತ್ರ ಕಲಿಸುತ್ತಿದ್ದ ನಮ್ಮ ಗುರುಗಳು ಒಂದು ಹಳೆಯ ಉದಾಹರಣೆ ಕೊಡುತ್ತಿದ್ದರು. ಬೇಟೆಗಾರನೊಬ್ಬನಿಗೆ ಪೊದೆಯ ಹಿಂದೆ ಏನೋ ಅಲುಗಿದ್ದು ಕಾಣಿಸಿತು. ಜಿಂಕೆಯೋ ಮನುಷ್ಯನೋ ತಿಳಿಯದು. ಸಂದೇಹ ನಿವಾರಣೆಯಾಗದೆ ಅವನು ಬಾಣ ಬಿಡುವಂತಿಲ್ಲ. ಇಲ್ಲಿ ಪಣಕ್ಕಿಟ್ಟಿರುವುದು ಮನುಷ್ಯನ ಪ್ರಾಣವಲ್ಲ, ಒಪ್ಪುತ್ತೇನೆ. ಆದರೆ ಸಂದೇಹದ ಲಾಭವನ್ನು ಮೀನಿಗೆ ಕೊಡಲು ನನಗೆ ತಗಲುವ ವೆಚ್ಚವಾದರೂ ಎಷ್ಟು? ವಾರಕ್ಕೆ ಒಂದು ಬಕೆಟ್ಟು ನೀರು, ಆರು ವಾರಗಳ ಕಾಯುವಿಕೆ.

ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಬೇರೊಂದು ಕಾರಣ ಕೊಟ್ಟಿದ್ದರು: ಪ್ರಾಣಿಗಳ ಮೇಲೆ ಕ್ರೌರ್ಯ ತೋರುವವನು ಕ್ರಮೇಣ ಮನುಷ್ಯರ ಮೇಲೂ ತೋರುತ್ತಾನೆ, ಆದುದರಿಂದ ಬೇಡ. ಧರ್ಮೋಪದೇಶದ ತರಗತಿಗಳಲ್ಲಿ ನಾನೂ ಇದನ್ನು ಅನೇಕ ವರ್ಷ ಹೇಳಿಕೊಟ್ಟಿದ್ದೇನೆ. ಇದು ಸತ್ಯವೇ. ಆದರೂ ಸಾಲದೆಂದು ಈಗ ನನಗೆ ತೋರುತ್ತದೆ, ಏಕೆಂದರೆ ಈ ವಾದದಲ್ಲಿ ಮೀನು ನಮ್ಮ ಸದ್ಗುಣವನ್ನು ಸಾಣೆ ಹಿಡಿಯುವ ಕಲ್ಲು ಮಾತ್ರ. ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಪ್ರಾಣಿಗಳಿಗೆ ನಾವು ದಯೆಯನ್ನು ಸಲ್ಲಿಸಬೇಕು, ಅದು ನಮ್ಮ ಮೇಲಿರುವ ಋಣ. ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ, ಆದಿಕಾಂಡದ ಒಡೆತನವೆಂದರೆ ಮನಬಂದಂತೆ ಆಳುವುದಲ್ಲ, ಕಾಯುವುದು ಎಂದು ಬಿಡಿಸಿ ಹೇಳಿದರು.

ಆದರೆ ಬರಿಯ ಮರುಕವೂ ದಾರಿ ತಪ್ಪಿಸುತ್ತದೆ. ಸಂತ ಫ್ರಾನ್ಸಿಸರ ಜೀವನಚರಿತ್ರೆಯಲ್ಲಿ, ರಿಯೇತಿ ಸರೋವರದ ಮೇಲೆ ದೋಣಿಯಲ್ಲಿ ಹೋಗುವಾಗ ಬೆಸ್ತನೊಬ್ಬ ಅವರಿಗೆ ದೊಡ್ಡ ಮೀನೊಂದನ್ನು ಕಾಣಿಕೆ ಕೊಟ್ಟನೆಂದೂ, ಅವರು ಅದನ್ನು ಸಹೋದರನೆಂದು ಕರೆದು ಮತ್ತೆ ನೀರಿಗೆ ಬಿಟ್ಟರೆಂದೂ ಬರುತ್ತದೆ. ಇದನ್ನು ಕೇಳಿದ ಒಬ್ಬ ಯುವಕ, ಸಾಕಿ ಸಾಕಾದ ತನ್ನ ಮೀನುಗಳನ್ನು ಊರ ಕೆರೆಗೆ ಬಿಟ್ಟು ಬಂದು ಸಂತೋಷದಿಂದ ನನಗೆ ತಿಳಿಸಿದ. ಫ್ರಾನ್ಸಿಸರು ಬಿಟ್ಟದ್ದು ಅದೇ ಸರೋವರದ ಮೀನನ್ನು ಅದೇ ಸರೋವರಕ್ಕೆ. ನಾವು ಬಿಡುವುದು ದಕ್ಷಿಣ ಅಮೆರಿಕದ ಮೀನನ್ನು ನಮ್ಮ ಕೆರೆಗೆ. ತೊಟ್ಟಿಯ ಪಾಚಿ ತಿನ್ನಲೆಂದು ತಂದು, ಒಂದಡಿ ಬೆಳೆದ ಮೇಲೆ ಹೊರಗೆ ಬಿಟ್ಟ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಈಗ ಬೆಸ್ತರ ಬಲೆ ಹರಿಯುತ್ತಿದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಬಿಟ್ಟ ಗಪ್ಪಿ ಮೀನೂ ಹೊಳೆಗೆ ಸೇರಿದರೆ ಅಲ್ಲಿನ ಸಣ್ಣ ಮೀನುಗಳಿಗೆ ಕಂಟಕ. ಕಾರಣ ಮತ್ತೆ ಅದೇ: ಅವು ಗಟ್ಟಿ. ಸಾಕಲಾರದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕಬಲ್ಲವರಿಗೆ ಕೊಡಿ. ಕೆರೆಗೆ ಬಿಡಬೇಡಿ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಹಲವು ದಿನ ಯೋಚಿಸಿದೆ. ಅಕ್ಕನನ್ನು ಕೇಳಿ, ಅವಳು ಹೂಂ ಎಂದ ಮೇಲೆ ಬರೆಯುತ್ತಿದ್ದೇನೆ. ಮೀನನ್ನೂ ಮನುಷ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ.

ನಮ್ಮ ತಾಯಿ ಪಾರ್ಶ್ವವಾಯು ಬಡಿದು ಒಂಬತ್ತು ವರ್ಷ ಹಾಸಿಗೆಯಲ್ಲಿದ್ದರು. ನಾನು ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ವರ್ಗವಾಗುತ್ತಿದ್ದೆ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ನೋಡಿಕೊಂಡವಳು ಅಕ್ಕ. ಅಮ್ಮನನ್ನು ಎತ್ತಿ, ಹೊರಳಿಸಿ, ತೊಳೆದು, ಉಣಿಸಿ, ರಾತ್ರಿ ಎರಡು ಬಾರಿ ಎದ್ದು. ಯಾರಾದರೂ ವಿಚಾರಿಸಿದರೆ ನಾವಿಬ್ಬರೂ ಹೇಳುತ್ತಿದ್ದುದು ಒಂದೇ ಮಾತು: "ಅಕ್ಕ ಇದ್ದಾಳಲ್ಲ, ಅವಳು ಗಟ್ಟಿ." ಅದು ಹೊಗಳಿಕೆಯೆಂದೇ ನಾವು ನಂಬಿದ್ದೆವು. ನಾನು ಊರಿಗೆ ಹೋದಾಗ ಅವಳು ಕಾಫಿ ಮಾಡಿಕೊಟ್ಟು ಎದುರಿಗೆ ಕೂರುತ್ತಿದ್ದಳು. ಏನಾದರೂ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದಳು. ನಾನು ಬಂದದ್ದೇ ಅವಳಿಗೆ ಸಂತೋಷವೆಂದು ತಿಳಿದು, ಧರ್ಮಕೇಂದ್ರದ ಸುದ್ದಿಯನ್ನೆಲ್ಲ ಹೇಳಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದೆ. ಅಮ್ಮನ ಅಂತ್ಯಕ್ರಿಯೆಯ ಪೂಜೆಯಲ್ಲಿ ಅವಳ ಸಹನೆಯನ್ನು ಬಾಯಿತುಂಬ ಕೊಂಡಾಡಿದೆ. ಅವಳು ತಲೆಯೆತ್ತಿ ನೋಡಲಿಲ್ಲ.

ಆ ದಿನ ತೊಟ್ಟಿಯ ಮುಂದೆ ಕೆರೆಯ ಮಾತು ಹೇಳಿದವಳನ್ನು, ರಾತ್ರಿ ಊಟವಾದ ಮೇಲೆ ನಾನು ಕೇಳಿದೆ, ಆ ಒಂಬತ್ತು ವರ್ಷ ಹೇಗಿತ್ತು ಅಕ್ಕಾ ಎಂದು. ಅಲ್ಲಿಯವರೆಗೆ ಕೇಳಿರಲಿಲ್ಲ. ಅವಳು ಪಾತ್ರೆ ಒರೆಸುತ್ತಲೇ, ಸಿಟ್ಟೂ ಇಲ್ಲದೆ ಹೇಳಿದಳು: "ನೀವೆಲ್ಲ ಗಟ್ಟಿ ಗಟ್ಟಿ ಅಂತಿದ್ರಿ. ಆಮೇಲೆ ನಾನು ಅಳೋದು ಹೇಗೆ?"

ನಾನು ಉತ್ತರ ಕೊಡಲಿಲ್ಲ. ಈಗಲೂ ನನ್ನ ಬಳಿ ಇಲ್ಲ. ಅಂದಿನಿಂದ ತಿಂಗಳಿಗೆ ಎರಡು ಬಾರಿ ಊರಿಗೆ ಹೋಗಿ, ಹೆಚ್ಚು ಮಾತನಾಡದೆ ಕೂರುತ್ತೇನೆ. ಕಳೆದ ಬಾರಿ ಅವಳು ಎರಡು ಗಂಟೆ ಮಾತನಾಡಿದಳು; ನಾನು ಬಸ್ಸನ್ನು ಬಿಟ್ಟೆ.

ಆ ಹುಡುಗಿಯ ಮನೆಯ ಕಥೆ ಉಳಿಯಿತು. ಆ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆಯೇ ತಾಯಿಗೂ ಮಗಳಿಗೂ ನನ್ನ ಎಂಟು ಮೀನುಗಳ ಕಥೆ ಹೇಳಿದೆ. ಗಟ್ಟಿ ಮೀನನ್ನೇ ತನ್ನಿ, ಹೊಸಬರಿಗೆ ಅದೇ ಸರಿ. ಆದರೆ ನೀರನ್ನು ಸಿದ್ಧಪಡಿಸುವ ಕೆಲಸವನ್ನು ಅದರ ಮೈಮೇಲೆ ಹೊರಿಸಬೇಡಿ, ನೀವೇ ಮಾಡಿ ಎಂದೆ. ದುಂಡು ಬಟ್ಟಲು ಹೋಗಿ, ಯಾರೋ ಬಳಸಿ ಬಿಟ್ಟ ಎರಡಡಿಯ ತೊಟ್ಟಿಯೊಂದು ಆ ಮನೆಗೆ ಬಂದಿದೆ. ಹಗಲಿರುಳು ಫಿಲ್ಟರ್ ಓಡುತ್ತದೆ. ಹುಡುಗಿ ಶಾಲೆಗೆ ಹೋಗುವ ಮೊದಲು ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಮೀನಿಲ್ಲದ ನೀರಿಗೆ ಹಾಕುತ್ತಾಳೆ. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾ ಹುಟ್ಟಬೇಕು. ಅಕ್ಕಪಕ್ಕದವರಿಗೆ ಇದೊಂದು ತಮಾಷೆ. ಭಾನುವಾರಗಳಂದು ಅವಳ ತಂದೆ ಸಣ್ಣ ಗಾಜಿನ ನಳಿಕೆಯಲ್ಲಿ ನೀರು ತೆಗೆದು ಔಷಧದ ಹನಿ ಹಾಕುತ್ತಾರೆ: ಹಸಿರು ಬಂದರೆ ಅಮೋನಿಯಾ ಇನ್ನೂ ಇದೆ, ಹಳದಿಯೇ ಉಳಿದರೆ ಇಲ್ಲ. ಆಮೇಲೆ ನೈಟ್ರೈಟಿನ ಪರೀಕ್ಷೆ ಬೇರೆ.

ಹೋದ ಭಾನುವಾರ ಪೂಜೆ ಮುಗಿದ ಕೂಡಲೇ ಅವಳು ಓಡಿಬಂದಳು. "ಇವತ್ತೂ ಹಸಿರೇ ಫಾದರ್" ಎಂದಳು. ಮೀನು ಯಾವಾಗ ತರ್ತೀಯಮ್ಮ ಎಂದು ಕೇಳಿದೆ.

"ಅವಸರ ಇಲ್ಲ ಫಾದರ್" ಎಂದು ಹೇಳಿ, ಗೆಳತಿಯರ ಕಡೆ ಓಡಿದಳು.